ಮುಟ್ಟು ನಿಂತ ಮೇಲೆ ಮರುಕಳಿಸುವ ಗರ್ಭಕೋಶದ ತೊಂದರೆ: ಯಾವ ಚಿಕಿತ್ಸೆ ಯಾರಿಗೆ ಹೊಂದುತ್ತದೆ

ಮುಟ್ಟು ನಿಂತು ಎಂಟು ವರ್ಷ ಕಳೆದ ಮೇಲೆ ನನ್ನ ಆಯಿಗೆ ಮತ್ತೆ ರಕ್ತ ಕಂಡದ್ದು ಅಡಿಕೆ ಸುಲಿಯುವ ದಿನಗಳಲ್ಲಿ. ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿಯ ಮುಂದೆ ಕುಳಿತದ್ದರಿಂದ ಉಷ್ಣವಾಗಿರಬೇಕೆಂದು ತಾನೇ ತೀರ್ಮಾನಿಸಿ, ಮುರುಗಲ ಪಾನಕ ಕುಡಿದು, ಯಾರಿಗೂ ಹೇಳದೆ ಸುಮ್ಮನಾದಳು. ನಾಲ್ಕು ತಿಂಗಳ ಮೇಲೆ ಎರಡನೆಯ ಸಲ ಕಂಡಾಗ ಪೇಟೆಯ ಒಂದು ದವಾಖಾನೆಯಲ್ಲಿ ರಕ್ತ ನಿಲ್ಲಿಸುವ ಗುಳಿಗೆಯನ್ನು ಹತ್ತು ದಿನಕ್ಕೆ ಕೊಟ್ಟರು, ನಿಂತಿತು. ಮೂರನೆಯ ಸಲ ಸ್ಕ್ಯಾನಿಂಗ್ ಮಾಡಿಸಿದ ಇನ್ನೊಬ್ಬ ವೈದ್ಯರು ವರದಿಯನ್ನು ಪೂರ್ತಿ ಓದುವ ಮೊದಲೇ, "ಈ ವಯಸ್ಸಿನಲ್ಲಿ ಗರ್ಭಕೋಶ ಇಟ್ಟುಕೊಂಡು ಏನು ಮಾಡುತ್ತೀರಿ, ತೆಗೆಸಿಬಿಡಿ" ಎಂದರು. ಒಂದು ವರ್ಷದೊಳಗೆ ಪಾನಕದಿಂದ ಶಸ್ತ್ರಚಿಕಿತ್ಸೆಯವರೆಗೆ ಎಲ್ಲ ಸಲಹೆಯೂ ಸಿಕ್ಕಿತ್ತು. ರಕ್ತ ಏಕೆ ಬರುತ್ತಿದೆ ಎಂಬುದನ್ನು ಮಾತ್ರ ಅಲ್ಲಿಯವರೆಗೆ ಯಾರೂ ಪರೀಕ್ಷಿಸಿರಲಿಲ್ಲ.

ಆ ವರ್ಷ ಶಿರಸಿ, ಹುಬ್ಬಳ್ಳಿಗಳ ನಡುವೆ ಓಡಾಡಿ, ಕೇಳಿ, ಓದಿ ತಿಳಿದುಕೊಂಡದ್ದನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ನಾನು ವೈದ್ಯೆಯಲ್ಲ, ನಿಮ್ಮನ್ನು ಪರೀಕ್ಷಿಸಿದ ಸ್ತ್ರೀರೋಗ ತಜ್ಞರ ಮಾತಿಗೆ ಬದಲಾಗಿ ಇದನ್ನು ಇಟ್ಟುಕೊಳ್ಳಬೇಡಿ. ಅವರ ಎದುರು ಕುಳಿತಾಗ ಯಾವ ಪ್ರಶ್ನೆ ಕೇಳಬೇಕು, ಅವರು ಮುಂದಿಡುವ ಎರಡು ಮೂರು ದಾರಿಗಳಲ್ಲಿ ನಮ್ಮ ಮನೆಗೆ ಯಾವುದು ಹೊಂದುತ್ತದೆ ಎಂದು ತೂಗಿ ನೋಡುವುದಕ್ಕೆ ಇದು ಸಹಾಯವಾದರೆ ಸಾಕು. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಆ ತೂಕಕ್ಕೆ ಇನ್ನೊಂದು ಬಟ್ಟನ್ನೂ ಸೇರಿಸಬೇಕಾಗುತ್ತದೆ. ಆರು ತಿಂಗಳಿಗೊಮ್ಮೆ ಮರುಪರೀಕ್ಷೆ ಬೇಡುವ ಚಿಕಿತ್ಸೆಯನ್ನು ಆರಿಸಿಕೊಂಡವರು, ಆ ಆರು ತಿಂಗಳಿಗೊಮ್ಮೆ ಘಟ್ಟ ಇಳಿದೋ ಹತ್ತಿಯೋ ಆಸ್ಪತ್ರೆ ಮುಟ್ಟಲು ತಮ್ಮಿಂದ ಆಗುತ್ತದೆಯೇ ಎಂಬುದನ್ನೂ ಮೊದಲೇ ಯೋಚಿಸಬೇಕು.

ಮೊದಲು ಕಾರಣ

ಹನ್ನೆರಡು ತಿಂಗಳು ಒಂದೇ ಸಮನೆ ಮುಟ್ಟಾಗದಿದ್ದರೆ ಮುಟ್ಟು ನಿಂತಿತು ಎಂದು ಲೆಕ್ಕ. ಅದರ ನಂತರ ಕಾಣುವ ರಕ್ತ ಒಂದು ಹನಿಯಾಗಿದ್ದರೂ, ಕಂದು ಬಣ್ಣದ ಕಲೆಯಷ್ಟೇ ಆಗಿದ್ದರೂ ಅದನ್ನು ಪರೀಕ್ಷಿಸಲೇಬೇಕು. "ಮತ್ತೆ ಹೊರಗಾದೆ" ಎಂದು ನಕ್ಕು ಬಿಡುವ ಹಿರಿಯರನ್ನು ನಾನು ನೋಡಿದ್ದೇನೆ; ಮುಟ್ಟು ಹಾಗೆ ಹಿಂದಿರುಗಿ ಬರುವುದಿಲ್ಲ. ಹೀಗೆ ರಕ್ತ ಕಂಡ ಹತ್ತು ಮಂದಿಯಲ್ಲಿ ಸುಮಾರು ಒಬ್ಬರಲ್ಲಿ ಗರ್ಭಕೋಶದ ಒಳಪೊರೆಯ ಕ್ಯಾನ್ಸರ್ ಇರುತ್ತದೆ. ಉಳಿದ ಒಂಬತ್ತು ಮಂದಿಯಲ್ಲಿ ಕಾರಣ ಬೇರೆ: ಪೊರೆ ಒಣಗಿ ತೆಳುವಾಗಿರಬಹುದು, ಪಾಲಿಪ್ (ಒಳಪೊರೆಯಿಂದ ಮೊಳೆತ ಸಣ್ಣ ಮಾಂಸದ ಕುಡಿ) ಇರಬಹುದು, ಒಳಪೊರೆ ಅಳತೆ ಮೀರಿ ದಪ್ಪವಾಗಿರಬಹುದು, ಜಾರಿದ ಗರ್ಭಕೋಶದ ಮೇಲೆ ಹುಣ್ಣಾಗಿರಬಹುದು. ಆ ಒಬ್ಬರು ಯಾರು ಎಂದು ಹೊರಗಿನಿಂದ ನೋಡಿ ಹೇಳಲು ಬರುವುದಿಲ್ಲವಾದ್ದರಿಂದಲೇ ಹತ್ತೂ ಮಂದಿಗೆ ಪರೀಕ್ಷೆ ಬೇಕು. ಒಳಪೊರೆಯ ಕ್ಯಾನ್ಸರ್ ಬಂದವರಲ್ಲಿ ಹೆಚ್ಚಿನವರಿಗೆ ಮೊದಲ ಲಕ್ಷಣವಾಗಿ ರಕ್ತವೇ ಕಾಣುತ್ತದೆ. ಆಗಲೇ ಹಿಡಿದರೆ ಬಹುಪಾಲು ಗುಣವಾಗುತ್ತದೆ ಎಂಬುದು ಈ ವಿಷಯದಲ್ಲಿ ನನಗೆ ಧೈರ್ಯ ಕೊಟ್ಟ ಸಂಗತಿ.

ಪರೀಕ್ಷೆ ಮೂರು ಮೆಟ್ಟಿಲಿನದು. ಮೊದಲನೆಯದು ಕಣ್ಣಿನಿಂದ ನೋಡುವುದು: ಯೋನಿಯನ್ನು ಅಗಲಿಸಿ ಹಿಡಿಯುವ ಸ್ಪೆಕ್ಯುಲಮ್ ಎಂಬ ಉಪಕರಣ ಇಟ್ಟು ಯೋನಿ ಮತ್ತು ಗರ್ಭಕಂಠವನ್ನು ನೋಡಿ, ಅಗತ್ಯವಿದ್ದರೆ ಗರ್ಭಕಂಠದ ಕೋಶಗಳನ್ನು ತೆಗೆದು ನೋಡುವ ಪ್ಯಾಪ್ ಪರೀಕ್ಷೆ ಮಾಡುವುದು. ನಮ್ಮಲ್ಲಿ ಗರ್ಭಕಂಠದ ಕ್ಯಾನ್ಸರ್ ಇನ್ನೂ ಬಹಳವಿರುವುದರಿಂದ ಇದನ್ನು ಬಿಟ್ಟು ನೇರವಾಗಿ ಸ್ಕ್ಯಾನಿಂಗಿಗೆ ಹೋಗುವುದು ಸರಿಯಲ್ಲ. ಆದರೆ ಸಂಕೋಚಪಟ್ಟು ಇದನ್ನೇ ತಪ್ಪಿಸಿಕೊಳ್ಳುವವರು ಹೆಚ್ಚು. ಎರಡನೆಯದು ಯೋನಿಯ ಮೂಲಕ ಮಾಡುವ ಸ್ಕ್ಯಾನಿಂಗ್. ಅದರಲ್ಲಿ ಒಳಪೊರೆಯ ದಪ್ಪ 4 ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕ್ಯಾನ್ಸರ್ ಇರುವ ಸಾಧ್ಯತೆ ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಮೊದಲ ಸಲ ರಕ್ತ ಕಂಡವರು ಆಗ ಸ್ವಲ್ಪ ಕಾಯಬಹುದು. ಎರಡನೆಯ ಸಲ, ಮೂರನೆಯ ಸಲ ಕಂಡವರಿಗೆ ಈ ರಿಯಾಯಿತಿ ಇಲ್ಲ. ಪೊರೆ ಎಷ್ಟೇ ತೆಳುವಾಗಿದ್ದರೂ ಮರುಕಳಿಸಿದ ರಕ್ತಸ್ರಾವಕ್ಕೆ ಬಯಾಪ್ಸಿ, ಅಂದರೆ ಒಳಪೊರೆಯ ಚೂರು ತೆಗೆದು ಲ್ಯಾಬಿನಲ್ಲಿ ಪರೀಕ್ಷಿಸುವುದು, ಬೇಕು, ಏಕೆಂದರೆ ಅಪರೂಪದ ಕೆಲವು ಕ್ಯಾನ್ಸರುಗಳು ಪೊರೆಯನ್ನು ದಪ್ಪ ಮಾಡದೆಯೂ ಬೆಳೆಯುತ್ತವೆ.

ಮೂರನೆಯ ಮೆಟ್ಟಿಲಾದ ಬಯಾಪ್ಸಿಯಲ್ಲೇ ಮೊದಲ ಆಯ್ಕೆ ಎದುರಾಗುತ್ತದೆ. ಹೊರರೋಗಿಯಾಗಿಯೇ ಮಾಡಿಸಿಕೊಳ್ಳಬಹುದಾದದ್ದು ಪಿಪೆಲ್ ಎಂಬ ತೆಳ್ಳನೆಯ ಪ್ಲಾಸ್ಟಿಕ್ ನಳಿಕೆಯಿಂದ ಮಾಡುವ ಬಯಾಪ್ಸಿ. ಆಯಿಗೆ ಮಾಡುವಾಗ ನಾನು ಪರದೆಯ ಈಚೆ ನಿಂತಿದ್ದೆ. ನಳಿಕೆ ಬಾಲ್‌ಪೆನ್ನಿನ ರೀಫಿಲ್ಲಿನಷ್ಟು ದಪ್ಪವಿತ್ತು. ಕೆಲಸ ಐದು ನಿಮಿಷದೊಳಗೆ ಮುಗಿಯಿತು. ಮುಟ್ಟಿನ ಹೊಟ್ಟೆನೋವಿನಂಥ ಹಿಂಡುವ ನೋವು ಅರ್ಧ ಗಂಟೆ ಇತ್ತೆಂದು ಆಯಿ ಹೇಳಿದಳು. ಬೆರಳುದ್ದದ ಬಾಟಲಿಯೊಳಗೆ ಫಾರ್ಮಲಿನ್ನಿನಲ್ಲಿ ತೇಲುತ್ತಿದ್ದ ಮಸುಕು ಕೆಂಪಿನ ಎಳೆಗಳನ್ನು, ಹೆಸರು ಬರೆದ ಚೀಟಿ ಅಂಟಿಸಿ, ನನ್ನ ಕೈಗೇ ಕೊಟ್ಟು ಲ್ಯಾಬಿಗೆ ಮುಟ್ಟಿಸಲು ಹೇಳಿದರು. ಒಂದು ವರ್ಷ ಎಲ್ಲರೂ ಊಹಿಸಿದ್ದರ ಉತ್ತರ ಆ ಬಾಟಲಿಯಲ್ಲಿತ್ತು.

ಪಿಪೆಲ್‌ನ ಮಿತಿಯೆಂದರೆ ಅದು ಕುರುಡು ಕೈಯಿನ ಕೆಲಸ: ಒಳಪೊರೆಯೆಲ್ಲ ಸಮನಾಗಿ ಕೆಟ್ಟಿದ್ದರೆ ಸಿಗುತ್ತದೆ, ಒಂದು ಮೂಲೆಯಲ್ಲಿ ಪಾಲಿಪ್ ಇದ್ದರೆ ತಪ್ಪಿಹೋಗಬಹುದು. ಅರಿವಳಿಕೆ ಕೊಟ್ಟು ಕೆರೆದು ತೆಗೆಯುವ ಡಿ ಆ್ಯಂಡ್ ಸಿಗೂ ಇದೇ ಮಿತಿ ಇದೆ, ಮೇಲಾಗಿ ಅರಿವಳಿಕೆಯ ಭಾರವೂ ಇದೆ. ಹಿಸ್ಟರೋಸ್ಕೋಪಿಯಲ್ಲಿ ಸಣ್ಣ ಕ್ಯಾಮೆರಾವನ್ನು ಒಳಗೆ ಕಳಿಸಿ ನೋಡುತ್ತಲೇ ಚೂರು ತೆಗೆಯುವುದರಿಂದ ಅದು ಹೆಚ್ಚು ನಂಬಲರ್ಹ. ನನ್ನ ಅಭಿಪ್ರಾಯದಲ್ಲಿ ಮೊದಲ ಬಯಾಪ್ಸಿಗೆ ಪಿಪೆಲ್ ಸಾಕು; ಅದರಲ್ಲಿ ಏನೂ ಸಿಗದೆ ರಕ್ತ ಮತ್ತೆ ಕಂಡರೆ, ಅಥವಾ ಸ್ಕ್ಯಾನಿಂಗಿನಲ್ಲಿ ಪಾಲಿಪ್ಪಿನ ಗುಮಾನಿ ಇದ್ದರೆ, ಎರಡನೆಯ ಸಲ ಕುರುಡಾಗಿ ಕೆರೆಸಿಕೊಳ್ಳದೆ ಹಿಸ್ಟರೋಸ್ಕೋಪಿ ಇರುವಲ್ಲಿಗೆ ಹೋಗುವುದು ಮೇಲು. ಬಯಾಪ್ಸಿಗೆ ಮೊದಲು ರಕ್ತ ನಿಲ್ಲಿಸುವ ಹಾರ್ಮೋನ್ ಗುಳಿಗೆ ನುಂಗಬೇಡಿ. ಅದು ಲಕ್ಷಣವನ್ನು ಮುಚ್ಚುತ್ತದೆ, ಚೂರಿನ ರೂಪವನ್ನೂ ಬದಲಿಸಿ ವರದಿ ಓದುವವರನ್ನು ತೊಡಕಿಗೆ ಸಿಕ್ಕಿಸುತ್ತದೆ. ಈಗಾಗಲೇ ನುಂಗಿದ್ದರೆ ಯಾವ ಗುಳಿಗೆ, ಎಷ್ಟು ದಿನ ಎಂದು ತಪ್ಪದೆ ಹೇಳಿ. ಸ್ತನ ಕ್ಯಾನ್ಸರಿಗೆ ಟ್ಯಾಮೋಕ್ಸಿಫೆನ್ ತೆಗೆದುಕೊಳ್ಳುತ್ತಿರುವವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿರುವವರು ಅದನ್ನೂ ಹೇಳಬೇಕು. ಆದರೆ ಮಾತ್ರೆಯಿಂದಲೇ ರಕ್ತ ಬಂದಿರಬೇಕೆಂದು ಪರೀಕ್ಷೆಯನ್ನು ಕೈಬಿಡಬಾರದು.

ಒಣಗಿದ ಪೊರೆ, ಪಾಲಿಪ್

ವರದಿಯಲ್ಲಿ ಒಳಪೊರೆ ಕ್ಷೀಣಿಸಿದೆ ಎಂದು ಬಂದರೆ ಅದು ಸಮಾಧಾನದ ಸುದ್ದಿ. ಈಸ್ಟ್ರೋಜೆನ್ ಎಂಬ ಹೆಣ್ಣು ಹಾರ್ಮೋನ್ ಕಡಿಮೆಯಾಗಿ ಯೋನಿಯ ಮತ್ತು ಗರ್ಭಕೋಶದ ಪೊರೆ ಕಾಗದದಂತೆ ತೆಳುವಾದಾಗ ತಾನಾಗಿಯೇ ಬಿರಿದು ರಕ್ತ ಬರುತ್ತದೆ. ಮುಟ್ಟು ನಿಂತ ಮೇಲಿನ ರಕ್ತಸ್ರಾವಕ್ಕೆ ಎಲ್ಲಕ್ಕಿಂತ ಸಾಮಾನ್ಯ ಕಾರಣ ಇದೇ. ಉರಿ, ತುರಿಕೆ, ಪದೇ ಪದೇ ಮೂತ್ರದ ಸೋಂಕು ಕೂಡ ಇದರ ಜೊತೆಗೇ ಬರುತ್ತವೆ. ಇದಕ್ಕೆ ಗರ್ಭಕೋಶ ತೆಗೆಸುವುದರಿಂದ ಏನೂ ಪ್ರಯೋಜನವಿಲ್ಲ, ಒಣಗುವ ಯೋನಿ ಉಳಿದೇ ಇರುತ್ತದೆ. ಆಯ್ಕೆ ಇರುವುದು ಹಾರ್ಮೋನ್ ಇಲ್ಲದ ಮಾಯಿಶ್ಚರೈಸರ್ ಮತ್ತು ಈಸ್ಟ್ರೋಜೆನ್ ಕ್ರೀಮ್ ಇವೆರಡರ ನಡುವೆ. ಒಣಗಿದ ಭಾವನೆ ಮಾತ್ರ ಇದ್ದರೆ ಮೊದಲನೆಯದು ಸಾಕಾಗಬಹುದು. ರಕ್ತ, ಉರಿ, ಮೂತ್ರದ ತೊಂದರೆ ಇದ್ದವರಿಗೆ ಈಸ್ಟ್ರೋಜೆನ್ ಗುಂಪಿನ ಎಸ್ಟ್ರಿಯಾಲ್ ಕ್ರೀಮ್ ಹೆಚ್ಚು ಗುಣ ಕೊಡುತ್ತದೆ: ಸಾಮಾನ್ಯವಾಗಿ ಮೊದಲ ಎರಡು ವಾರ ದಿನವೂ ರಾತ್ರಿ, ಆಮೇಲೆ ವಾರಕ್ಕೆ ಎರಡು ಸಲ. ಬಿಟ್ಟರೆ ತೊಂದರೆ ಮರಳುತ್ತದೆಯಾದ್ದರಿಂದ ಇದನ್ನು ಟ್ಯೂಬ್ ಮುಗಿದ ಕೂಡಲೇ ನಿಲ್ಲಿಸುವ ಔಷಧವೆಂದು ತಿಳಿಯಬಾರದು. ಒಳಗೆ ಹಚ್ಚುವ ಕ್ರೀಮಿನಿಂದ ರಕ್ತಕ್ಕೆ ಸೇರುವ ಹಾರ್ಮೋನ್ ಬಹಳ ಕಡಿಮೆ. ಹಾಗಿದ್ದರೂ ಸ್ತನ ಕ್ಯಾನ್ಸರ್ ಆದವರು ಕ್ಯಾನ್ಸರ್ ವೈದ್ಯರನ್ನು ಕೇಳದೆ ಹಚ್ಚಬಾರದು.

ಪಾಲಿಪ್ ಇದ್ದರೆ ಹೋಲಿಕೆಗೆ ಹೆಚ್ಚು ಅವಕಾಶವಿಲ್ಲ. ಮುಟ್ಟು ನಿಂತ ಮೇಲೆ ರಕ್ತ ತರುವ ಪಾಲಿಪ್ಪನ್ನು ಹಿಸ್ಟರೋಸ್ಕೋಪಿಯಲ್ಲಿ ಬುಡಸಮೇತ ತೆಗೆದು ಪರೀಕ್ಷೆಗೆ ಕಳಿಸಬೇಕು, ಏಕೆಂದರೆ ಇಂಥ ಪಾಲಿಪ್‌ಗಳಲ್ಲಿ ನೂರಕ್ಕೆ ನಾಲ್ಕೈದರಲ್ಲಿ ಕೆಟ್ಟ ಕೋಶಗಳಿರುತ್ತವೆ. ಒಂದು ದಿನದಲ್ಲಿ ಮನೆಗೆ ಬರಬಹುದು. ಮತ್ತೆ ಬೆಳೆಯಲೂಬಹುದು, ಆಗ ಮತ್ತೆ ತೆಗೆಯಬಹುದು. ಮೊದಲ ಪಾಲಿಪ್ಪಿಗೇ ಗರ್ಭಕೋಶ ತೆಗೆಸುವ ಅಗತ್ಯವಿಲ್ಲ. ಗರ್ಭಕೋಶದ ಸ್ನಾಯುವಿನಲ್ಲಿ ಬೆಳೆಯುವ ಫೈಬ್ರಾಯ್ಡ್ ಗಡ್ಡೆಗಳು ಮುಟ್ಟು ನಿಂತ ಮೇಲೆ ಕುಗ್ಗಬೇಕು. ಕುಗ್ಗದೆ ಬೆಳೆಯುತ್ತಿದ್ದರೆ ಅದನ್ನು ಕಾದು ನೋಡುವ ಗಡ್ಡೆಯೆಂದು ಬಿಡಬಾರದು.

ದಪ್ಪವಾದ ಒಳಪೊರೆ: ಕಷ್ಟದ ಆಯ್ಕೆ ಇರುವುದು ಇಲ್ಲಿ

ಆಯಿಯ ವರದಿಯಲ್ಲಿ ಬಂದದ್ದು ಹೈಪರ್‌ಪ್ಲೇಸಿಯಾ, ಅಂದರೆ ಒಳಪೊರೆ ಅಳತೆ ಮೀರಿ ಬೆಳೆದಿದೆ ಎಂದು. ಆ ಪದವನ್ನು ನೋಡಿದ ಕೂಡಲೇ ಗಾಬರಿಯಾಗುವ ಮೊದಲು ಅದರ ಮುಂದಿನ ಪದವನ್ನು ಓದಬೇಕು. ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಹಳೆಯ ನಾಲ್ಕು ವಿಧಗಳನ್ನು ಕೈಬಿಟ್ಟು ಎರಡೇ ವಿಧ ಉಳಿಸಿತು: ಅಟಿಪಿಯಾ ಇಲ್ಲದ್ದು, ಅಟಿಪಿಯಾ ಇರುವುದು. ಅಟಿಪಿಯಾ ಎಂದರೆ ಕೋಶಗಳ ರೂಪವೇ ಕೆಟ್ಟಿರುವುದು. ಅದು ಇಲ್ಲದಿದ್ದರೆ ಇಪ್ಪತ್ತು ವರ್ಷಗಳಲ್ಲಿ ಕ್ಯಾನ್ಸರಿಗೆ ತಿರುಗುವ ಸಾಧ್ಯತೆ ನೂರಕ್ಕೆ ಐದಕ್ಕಿಂತ ಕಡಿಮೆ. ಅದು ಇದ್ದರೆ, ಬಯಾಪ್ಸಿಯಲ್ಲಿ ಕಾಣದ ಕ್ಯಾನ್ಸರ್ ಪಕ್ಕದಲ್ಲೇ ಅಡಗಿರುವ ಸಾಧ್ಯತೆ ಬಹಳ ಹೆಚ್ಚು. ಒಂದು ದೊಡ್ಡ ಅಧ್ಯಯನದಲ್ಲಿ ನೂರಕ್ಕೆ ನಲವತ್ತಕ್ಕೂ ಮಿಕ್ಕಿದವರ ಗರ್ಭಕೋಶ ತೆಗೆದು ನೋಡಿದಾಗ ಕ್ಯಾನ್ಸರ್ ಸಿಕ್ಕಿತ್ತು. ಆದ್ದರಿಂದ ಅಟಿಪಿಯಾ ಇರುವ, ಮುಟ್ಟು ನಿಂತ ಹೆಂಗಸಿಗೆ ಗರ್ಭಕೋಶವನ್ನು ಕಂಠಸಮೇತ, ಅಂಡಾಶಯ ಮತ್ತು ನಾಳಗಳೊಂದಿಗೆ ತೆಗೆಯುವುದೇ ಸರಿಯಾದ ಚಿಕಿತ್ಸೆ. ಶಸ್ತ್ರಚಿಕಿತ್ಸೆ ತಾಳಲಾರದಷ್ಟು ಹೃದ್ರೋಗ ಮೊದಲಾದವು ಇದ್ದವರಿಗೆ ಮಾತ್ರ ಹಾರ್ಮೋನ್ ದಾರಿ ಉಳಿಯುತ್ತದೆ.

ಅಟಿಪಿಯಾ ಇಲ್ಲದವರ ಮುಂದೆ ನಿಜವಾಗಿ ನಾಲ್ಕು ದಾರಿಗಳಿವೆ. ಮೊದಲನೆಯದು ಔಷಧವಿಲ್ಲದೆ ಕಾದು, ಮರುಬಯಾಪ್ಸಿ ಮಾಡುವುದು. ತೂಕ ಹೆಚ್ಚಿದ್ದವರು ಇಳಿಸಿಕೊಂಡರೆ, ಪೊರೆಯನ್ನು ಬೆಳೆಸುತ್ತಿದ್ದ ಹಾರ್ಮೋನ್ ಮಾತ್ರೆ ನಿಲ್ಲಿಸಿದರೆ ಮುಕ್ಕಾಲುಪಾಲು ಮಂದಿಯಲ್ಲಿ ಪೊರೆ ಸರಿಹೋಗುತ್ತದೆ. ಮುಟ್ಟು ನಿಂತ ಮೇಲೆ ಅಂಡಾಶಯ ಸುಮ್ಮನಾದರೂ ಕೊಬ್ಬಿನಲ್ಲಿ ಈಸ್ಟ್ರೋಜೆನ್ ತಯಾರಾಗುತ್ತಲೇ ಇರುವುದರಿಂದ, ತೂಕ ಮತ್ತು ಸಕ್ಕರೆ ಕಾಯಿಲೆಯ ಮಾತು ಇಲ್ಲಿ ಬರಿಯ ಉಪದೇಶವಲ್ಲ. ಆದರೆ ರಕ್ತ ಬರುತ್ತಲೇ ಇರುವವರಿಗೆ ಈ ದಾರಿಯಲ್ಲಿ ಸಮಾಧಾನ ಸಿಗುವುದಿಲ್ಲ.

ಎರಡನೆಯದು ಪ್ರೊಜೆಸ್ಟಿರೋನ್ ಗುಂಪಿನ ಗುಳಿಗೆ, ಮೂರನೆಯದು ಅದೇ ಗುಂಪಿನ ಲೆವೊನೊರ್ಜೆಸ್ಟ್ರೆಲ್ ಹಾರ್ಮೋನನ್ನು ದಿನವೂ ಸ್ವಲ್ಪ ಸ್ವಲ್ಪವಾಗಿ ಒಳಪೊರೆಗೇ ಬಿಡುವ, ಟಿ ಆಕಾರದ ಸಾಧನ. ಜನ ಇದನ್ನು ಮಿರೆನಾ ಎಂಬ ಹೆಸರಿನಿಂದಲೇ ಬಲ್ಲರು. ಹಾರ್ಮೋನ್ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ ಸುಮಾರು ತೊಂಬತ್ತು ಮಂದಿಯ ಪೊರೆ ಸರಿಹೋಗುತ್ತದೆ. ಎರಡನ್ನೂ ಹೋಲಿಸಿದಾಗ ಸಾಧನವೇ ಮೇಲು ಎಂದು ವೈದ್ಯರ ಮಾರ್ಗಸೂಚಿಗಳು ಹೇಳುತ್ತವೆ. ಗುಳಿಗೆಯನ್ನು ಕನಿಷ್ಠ ಆರು ತಿಂಗಳು ದಿನ ತಪ್ಪದೆ ನುಂಗಬೇಕು. ಮೈ ಊದಿಕೊಂಡಂತಾಗುವುದು, ತೂಕ ಏರುವುದು, ಮನಸ್ಸು ಕುಗ್ಗುವುದು ಕೆಲವರಿಗೆ ಆಗುತ್ತದೆ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ಇತಿಹಾಸ ಇದ್ದವರಿಗೆ ಅದು ಹೊಂದುವುದಿಲ್ಲ. ಸಾಧನವನ್ನು ಒಮ್ಮೆ ಹಾಕಿದರೆ ಐದು ವರ್ಷ ಕೆಲಸ ಮಾಡುತ್ತದೆ, ಮೈಗೆ ಸೇರುವ ಹಾರ್ಮೋನ್ ಕಡಿಮೆ. ಅದರ ಕಷ್ಟವೆಂದರೆ ವಯಸ್ಸಾದವರ ಗರ್ಭಕಂಠ ಕಿರಿದಾಗಿರುವುದರಿಂದ ಹಾಕುವಾಗ ನೋವಾಗಬಹುದು, ಕೆಲವರಿಗೆ ಅಲ್ಪ ಅರಿವಳಿಕೆ ಬೇಕಾಗಬಹುದು. ಹಾಕಿದ ಮೇಲೆ ಮೂರರಿಂದ ಆರು ತಿಂಗಳು ಆಗಾಗ ಕಲೆ ಕಾಣುತ್ತಲೇ ಇರುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಚಿಕಿತ್ಸೆ ಸೋತಿತೆಂದು ತಿಳಿದು ಎರಡೇ ತಿಂಗಳಿಗೆ ತೆಗೆಸಿಬಿಡುತ್ತಾರೆ. ಖರ್ಚು ಮೊದಲ ದಿನವೇ ಒಟ್ಟಿಗೆ ಬೀಳುತ್ತದೆ ಎಂಬುದೂ ನಿಜ, ಆದರೆ ತಿಂಗಳು ತಿಂಗಳ ಗುಳಿಗೆಯ ಲೆಕ್ಕ ಮತ್ತು ಮರೆತ ದಿನಗಳ ಲೆಕ್ಕ ಎರಡನ್ನೂ ಹಾಕಿ ನೋಡಬೇಕು.

ಎರಡರಲ್ಲಿ ಯಾವುದನ್ನು ಹಿಡಿದರೂ ಆರು ತಿಂಗಳಿಗೊಮ್ಮೆ ಬಯಾಪ್ಸಿ ಮಾಡಿಸಬೇಕು. ಒಂದರ ಹಿಂದೆ ಒಂದು ಎರಡು ವರದಿ ಸರಿಯಾಗಿ ಬಂದ ಮೇಲಷ್ಟೇ ನಿರಾಳ. ತೂಕ ಬಹಳ ಹೆಚ್ಚಿರುವವರು ಆಮೇಲೂ ವರ್ಷಕ್ಕೊಮ್ಮೆ ಹೋಗಬೇಕು. ನಾಲ್ಕನೆಯ ದಾರಿಯಾದ ಗರ್ಭಕೋಶ ತೆಗೆಸುವುದನ್ನು ಯಾವಾಗ ಹಿಡಿಯಬೇಕೆಂಬುದಕ್ಕೂ ಇದರಿಂದಲೇ ಉತ್ತರ ಸಿಗುತ್ತದೆ: ಹನ್ನೆರಡು ತಿಂಗಳ ಚಿಕಿತ್ಸೆಯ ನಂತರವೂ ಪೊರೆ ಸರಿಹೋಗದಿದ್ದರೆ, ಸರಿಹೋದದ್ದು ಮರಳಿ ಬಂದರೆ, ಅಟಿಪಿಯಾ ಕಾಣಿಸಿಕೊಂಡರೆ, ರಕ್ತ ನಿಲ್ಲದಿದ್ದರೆ. ಇವುಗಳ ಜೊತೆಗೆ, ಮರುಪರೀಕ್ಷೆಗೆ ಬರಲು ಸಾಧ್ಯವಿಲ್ಲದಿದ್ದರೆ ಎಂಬುದನ್ನೂ ಮಾರ್ಗಸೂಚಿಗಳು ಒಂದು ನ್ಯಾಯವಾದ ಕಾರಣವೆಂದೇ ಒಪ್ಪುತ್ತವೆ. ನಮ್ಮ ಕಡೆಯವರಿಗೆ ಇದು ಸಣ್ಣ ಮಾತಲ್ಲ. ಹಳ್ಳಿಯಿಂದ ದಿನಕ್ಕೆ ಎರಡೇ ಬಸ್ಸು, ಮಳೆಗಾಲದಲ್ಲಿ ಗುಡ್ಡ ಕುಸಿದು ಮುಚ್ಚುವ ದೇವಿಮನೆ ಘಟ್ಟ, ಕರೆದೊಯ್ಯಲು ಮಕ್ಕಳು ಊರಲ್ಲಿಲ್ಲ ಎಂಬ ಸ್ಥಿತಿಯಲ್ಲಿರುವ ಒಂಟಿ ಹೆಂಗಸು ಎಲ್ಲವನ್ನೂ ತಿಳಿದು ಶಸ್ತ್ರಚಿಕಿತ್ಸೆಯನ್ನೇ ಆರಿಸಿಕೊಂಡರೆ ಅದನ್ನು ಅವಸರವೆಂದು ನಾನು ಕರೆಯಲಾರೆ. ಚೂರನ್ನೇ ಪರೀಕ್ಷಿಸದೆ "ತೆಗೆಸಿಬಿಡಿ" ಎನ್ನುವುದು ಬೇರೆ, ಪರೀಕ್ಷೆಯ ಫಲ ಕೈಯಲ್ಲಿಟ್ಟುಕೊಂಡು ಆಕೆಯೇ ತೀರ್ಮಾನಿಸುವುದು ಬೇರೆ. ಒಳಪೊರೆಯನ್ನು ಸುಟ್ಟು ತೆಗೆಯುವ ಅಬ್ಲೇಶನ್ ಪದ್ಧತಿಯನ್ನು ಕೆಲವೆಡೆ ಸುಲಭದ ದಾರಿಯೆಂದು ಮುಂದಿಡುತ್ತಾರೆ. ಹೈಪರ್‌ಪ್ಲೇಸಿಯಾಕ್ಕೆ ಅದು ಬೇಡ. ಒಳಗೆ ಅಂಟಿಕೊಂಡು ಗಾಯ ಮಾಗಿದ ಮೇಲೆ ಮುಂದೆ ಬಯಾಪ್ಸಿ ಮಾಡಲು ದಾರಿಯೇ ಇರುವುದಿಲ್ಲ.

ಆಯಿ ಸಾಧನವನ್ನು ಆರಿಸಿಕೊಂಡಳು. ನಾನು ಜೊತೆಗೆ ಹೋಗಲು ಸಾಧ್ಯವಿತ್ತು ಎಂಬುದೂ ಅದಕ್ಕೆ ಒಂದು ಕಾರಣ.

ವರದಿಯಲ್ಲಿ ಕ್ಯಾನ್ಸರ್ ಎಂದೇ ಬಂದರೆ ಈ ಹೋಲಿಕೆಗಳೆಲ್ಲ ಅಲ್ಲಿಗೆ ಮುಗಿದವು. ಸಾಮಾನ್ಯ ಶಸ್ತ್ರಚಿಕಿತ್ಸೆ ಮಾಡುವಲ್ಲಿ ತೆಗೆಸಿ ಆಮೇಲೆ ನೋಡೋಣ ಎನ್ನದೆ, ಸ್ತ್ರೀರೋಗ ಕ್ಯಾನ್ಸರ್ ತಜ್ಞರಿರುವ ಹುಬ್ಬಳ್ಳಿ, ಮಣಿಪಾಲ, ಗೋವೆಯ ಬಾಂಬೋಳಿ ಅಥವಾ ಬೆಂಗಳೂರಿನ ಕಿದ್ವಾಯಿಯಂಥ ಕಡೆಗೆ ನೇರವಾಗಿ ಹೋಗಬೇಕು.

ಗರ್ಭಕೋಶ ಜಾರುವುದು: ರಿಂಗೋ, ಶಸ್ತ್ರಚಿಕಿತ್ಸೆಯೋ

ಹೊರೆ ಹೊತ್ತ ಹೆಂಗಸರ ಜಿಲ್ಲೆ ನಮ್ಮದು. ಘಟ್ಟದ ಮೇಲೆ ಸೊಪ್ಪಿನ ಹೊರೆ, ದರಕಿನ ಹೆಡಿಗೆ. ಕರಾವಳಿಯಲ್ಲಿ ತಲೆಯ ಮೇಲೆ ಮೀನಿನ ಬುಟ್ಟಿ, ತರಕಾರಿಯ ಬುಟ್ಟಿ. ಹಲವು ಹೆರಿಗೆ, ಹೆರಿಗೆಯಾಗಿ ತಿಂಗಳಾಗುವ ಮೊದಲೇ ಮತ್ತೆ ಹೊರೆ, ಮುಟ್ಟು ನಿಂತ ಮೇಲೆ ಸಡಿಲಾಗುವ ಸ್ನಾಯು, ಇವೆಲ್ಲ ಸೇರಿ ಗರ್ಭಕೋಶ ಜಾರುತ್ತದೆ. ಕುಮಟೆಯ ಕಡೆಯ ನಮ್ಮ ಪರಿಚಿತ ಮೀನು ಮಾರುವ ಹೆಂಗಸೊಬ್ಬರು ಹನ್ನೊಂದು ವರ್ಷ ಅದನ್ನು ಬಟ್ಟೆಯಿಂದ ಬಿಗಿದುಕೊಂಡು ಬುಟ್ಟಿ ಹೊತ್ತಿದ್ದರು. ಹೊರಗೆ ಬಂದ ಭಾಗ ಬಟ್ಟೆಗೆ ಉಜ್ಜಿ ಹುಣ್ಣಾಗಿ ರಕ್ತ ಬಂದ ಮೇಲೆಯೇ ಮಗಳಿಗೆ ಹೇಳಿದ್ದು. ಇಂಥ ಹುಣ್ಣು ಔಷಧದ ಪಟ್ಟಿ ಇಟ್ಟು, ಈಸ್ಟ್ರೋಜೆನ್ ಕ್ರೀಮ್ ಹಚ್ಚಿ, ಗರ್ಭಕೋಶವನ್ನು ಒಳಗೆ ಸೇರಿಸಿ ವಿಶ್ರಾಂತಿ ಕೊಟ್ಟರೆ ಕೆಲವು ವಾರಗಳಲ್ಲಿ ಮಾಗುತ್ತದೆ. ಮಾಗಿದ ಮೇಲೆಯೇ ಮುಂದಿನ ಮಾತು. ಜಾರಿದ ಗರ್ಭಕೋಶದಿಂದ ರಕ್ತ ಬಂದರೂ ಒಳಪೊರೆಯ ಮತ್ತು ಗರ್ಭಕಂಠದ ಪರೀಕ್ಷೆಯನ್ನು ಬಿಡುವಂತಿಲ್ಲ.

ಜಾರುವಿಕೆ ಇನ್ನೂ ಒಳಗೇ ಇದ್ದು, ಸಂಜೆಯ ಹೊತ್ತಿಗೆ ಕೆಳಗೆ ಭಾರ ಎನ್ನುವಷ್ಟೇ ಇದ್ದರೆ ಕಿಬ್ಬೊಟ್ಟೆಯ ತಳದ ಸ್ನಾಯುಗಳ ವ್ಯಾಯಾಮದಿಂದ ಆರಂಭಿಸಬೇಕು. ಮೂತ್ರವನ್ನು ತಡೆಹಿಡಿಯುವಾಗ ಬಿಗಿಯುವ ಸ್ನಾಯುವನ್ನು ಬಿಗಿದು ಸಡಿಲಿಸುವುದು ಎಂದು ಎಲ್ಲರೂ ಹೇಳುತ್ತಾರೆ, ಸರಿಯಾದ ಸ್ನಾಯುವನ್ನೇ ಬಿಗಿಯುತ್ತಿದ್ದೀರಾ ಎಂದು ಯಾರೂ ನೋಡುವುದಿಲ್ಲ. ಒಮ್ಮೆ ಫಿಸಿಯೋಥೆರಪಿಸ್ಟರೋ ತಜ್ಞ ವೈದ್ಯರೋ ಪರೀಕ್ಷಿಸಿ ಕಲಿಸಿದ ಮೇಲೆ ಕನಿಷ್ಠ ನಾಲ್ಕು ತಿಂಗಳು ಮಾಡಬೇಕು. ಪೂರ್ತಿ ಹೊರಗೆ ಬಂದ ಗರ್ಭಕೋಶವನ್ನು ವ್ಯಾಯಾಮ ಒಳಗೆ ತರಲಾರದು. ಮಲಬದ್ಧತೆ ಮತ್ತು ನಿಲ್ಲದ ಕೆಮ್ಮನ್ನು ಸರಿಪಡಿಸಿಕೊಳ್ಳದಿದ್ದರೆ ಯಾವ ಚಿಕಿತ್ಸೆಯೂ ಬಹುಕಾಲ ನಿಲ್ಲುವುದಿಲ್ಲ.

ಮುಂದಿನ ಆಯ್ಕೆ ಪೆಸರಿ, ನಮ್ಮವರ ಮಾತಿನಲ್ಲಿ ರಿಂಗ್. ಆ ಹೆಂಗಸಿಗೆ ಹಾಕಿದ್ದನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೆ: ಬಳೆಯಷ್ಟು ಅಗಲದ, ಕಿರುಬೆರಳಿನ ದಪ್ಪದ, ಮೆತ್ತಗಿನ ಸಿಲಿಕೋನ್ ಉಂಗುರ, ಎರಡು ಬೆರಳಲ್ಲಿ ಒತ್ತಿದರೆ ಎಲೆಯಂತೆ ಮಡಚಿಕೊಳ್ಳುತ್ತಿತ್ತು. ಒಳಗೆ ಇಟ್ಟ ಮೇಲೆ ಅವರು ಎದ್ದು ನಿಂತು, ಕೆಮ್ಮಿ, ನಾಲ್ಕು ಹೆಜ್ಜೆ ನಡೆದು, ಇನ್ನೂ ಬೀಳಬಹುದೇನೋ ಎಂಬಂತೆ ಸೀರೆಯ ನೆರಿಗೆ ಹಿಡಿದೇ ನಿಂತಿದ್ದರು. ರಿಂಗ್ ಹಾಕಲು ಅರಿವಳಿಕೆ ಬೇಡ, ಖರ್ಚು ಕಡಿಮೆ, ಹೃದ್ರೋಗ ಇದ್ದವರಿಗೂ ಆಗುತ್ತದೆ, ಹೊಂದದಿದ್ದರೆ ತೆಗೆದುಬಿಡಬಹುದು. ಸರಿಯಾದ ಅಳತೆ ಸಿಗಲು ಎರಡು ಮೂರು ಸಲ ಹೋಗಬೇಕಾಗಬಹುದು. ಮೂರರಿಂದ ಆರು ತಿಂಗಳಿಗೊಮ್ಮೆ ತೆಗೆದು, ತೊಳೆದು, ಒಳಗೆ ಹುಣ್ಣಾಗಿಲ್ಲವೆಂದು ನೋಡಿಸಿ ಮತ್ತೆ ಇಡಿಸಬೇಕು. ಕಲಿತರೆ ಮನೆಯಲ್ಲಿ ತಾವೇ ತೆಗೆದು ಹಾಕಿಕೊಳ್ಳಬಹುದು. ಜೊತೆಗೆ ಈಸ್ಟ್ರೋಜೆನ್ ಕ್ರೀಮ್ ಇದ್ದರೆ ಒಳ್ಳೆಯದು. ಹಾಕಿಸಿಕೊಂಡು ಮರೆತೇಬಿಡುವುದು ಇದರ ದೊಡ್ಡ ಅಪಾಯ. ವರ್ಷಗಟ್ಟಲೆ ಒಳಗೇ ಉಳಿದ ರಿಂಗ್ ಮೂತ್ರಕೋಶಕ್ಕೋ ಗುದನಾಳಕ್ಕೋ ಕೊರೆದುಕೊಂಡು ಹೋಗಬಲ್ಲದು. ಆದ್ದರಿಂದ ರಿಂಗ್ ಹಾಕಿಸಿದ ತಾರೀಖು ಮನೆಯಲ್ಲಿ ಇನ್ನೊಬ್ಬರಿಗಾದರೂ ಗೊತ್ತಿರಬೇಕು.

ಶಸ್ತ್ರಚಿಕಿತ್ಸೆಯಲ್ಲಿ ಎಲ್ಲಕ್ಕಿಂತ ಹೆಚ್ಚು ನಡೆಯುವುದು ಯೋನಿಯ ಮೂಲಕ ಗರ್ಭಕೋಶ ತೆಗೆದು, ಮುಂದಿನ ಹಿಂದಿನ ಗೋಡೆಗಳನ್ನು ಬಿಗಿದು ಹೊಲಿಯುವುದು. ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ: ಗರ್ಭಕೋಶ ಹೋದರೆ ಜಾರಲು ಏನೂ ಉಳಿಯುವುದಿಲ್ಲವೆಂದು. ಯೋನಿಯ ಮೇಲ್ತುದಿಯೇ ಜಾರಿ ಬರಬಲ್ಲದು, ಮೂತ್ರಕೋಶವೂ ಇಳಿಯಬಲ್ಲದು. ಆದ್ದರಿಂದ "ತೆಗೆದ ಮೇಲೆ ಮೇಲ್ತುದಿಯನ್ನು ಯಾವುದಕ್ಕೆ ಕಟ್ಟುತ್ತೀರಿ?" ಎಂಬ ಪ್ರಶ್ನೆಯನ್ನು ಕೇಳಿಯೇ ಒಪ್ಪಿಗೆಪತ್ರಕ್ಕೆ ಸಹಿ ಮಾಡಿ. ಗರ್ಭಕೋಶವನ್ನು ಉಳಿಸಿಯೇ ಮೇಲಕ್ಕೆ ಕಟ್ಟುವ ಪದ್ಧತಿಗಳೂ ಇವೆ. ಕಾರವಾರದಿಂದ ಗಡಿ ದಾಟಿದರೆ ಸಿಗುವ ಗೋವೆಯ ಶಿರೋಡಾದಲ್ಲಿ 1899ರಲ್ಲಿ ಹುಟ್ಟಿದ ಡಾ. ವಿಠ್ಠಲ ನಾಗೇಶ ಶಿರೋಡ್ಕರ್ ಇಂಥ ಶಸ್ತ್ರಚಿಕಿತ್ಸೆಗಳಿಗೆ ಜಗತ್ತಿನಲ್ಲೇ ಹೆಸರಾದವರು. ಆದರೆ ಮುಟ್ಟು ನಿಂತ ಮೇಲೆ ರಕ್ತ ಕಂಡವರಿಗೆ, ಒಳಪೊರೆ ದಪ್ಪವಾಗಿರುವವರಿಗೆ ಉಳಿಸುವ ದಾರಿ ಹೊಂದುವುದಿಲ್ಲ. ವಯಸ್ಸು ಬಹಳವಾಗಿ, ಗಂಡಹೆಂಡಿರ ಸಂಬಂಧ ಬೇಡವೆಂದು ನಿಶ್ಚಯವಿರುವವರಿಗೆ ಯೋನಿಯನ್ನೇ ಬಹುಪಾಲು ಮುಚ್ಚಿ ಹೊಲಿಯುವ ಸಣ್ಣ ಶಸ್ತ್ರಚಿಕಿತ್ಸೆಯೊಂದಿದೆ. ಮರುಕಳಿಸುವುದು ಅದರಲ್ಲಿ ತೀರ ಕಡಿಮೆ. ಆದರೆ ಹಿಂತಿರುಗುವ ದಾರಿ ಇಲ್ಲ, ಆದ್ದರಿಂದ ಆ ಮಾತನ್ನು ಮಗನ ಹತ್ತಿರವಲ್ಲ, ಆಕೆಯ ಹತ್ತಿರವೇ, ಒಬ್ಬಳೇ ಇರುವಾಗ ಕೇಳಬೇಕು. ಸಡಿಲಾದ ಗೋಡೆಗೆ ಆಧಾರವಾಗಿ ಯೋನಿಯ ಮೂಲಕ ಬಲೆ (ಮೆಶ್) ಇಡುವ ಪದ್ಧತಿಯನ್ನು ಯಾರಾದರೂ ಸೂಚಿಸಿದರೆ ಎರಡನೆಯ ಅಭಿಪ್ರಾಯ ಪಡೆಯಿರಿ. ತೊಂದರೆಗಳ ಕಾರಣಕ್ಕೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2019ರ ಏಪ್ರಿಲ್‌ನಲ್ಲಿ ಜಾರುವಿಕೆಗೆ ಬಳಸುವ ಅಂಥ ಬಲೆಗಳ ಮಾರಾಟವನ್ನೇ ಅಲ್ಲಿ ನಿಲ್ಲಿಸಿತು.

ತೆಗೆಸುವುದೇ ಸರಿ ಎಂದಾದರೆ

ಯೋನಿಯ ಮೂಲಕ ತೆಗೆಯುವುದು ಸಾಧ್ಯವಿದ್ದಲ್ಲಿ ಅದೇ ಮೊದಲ ಆಯ್ಕೆ: ಹೊಟ್ಟೆಯ ಮೇಲೆ ಗಾಯವಿಲ್ಲ, ಬೇಗ ಚೇತರಿಕೆ. ಅಂಡಾಶಯವನ್ನೂ ತೆಗೆಯಬೇಕಾದಾಗ, ಒಳಗೆ ಇನ್ನೇನಾದರೂ ಇದೆಯೇ ಎಂದು ನೋಡಬೇಕಾದಾಗ, ಹೊಟ್ಟೆಯಲ್ಲಿ ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸಿ ಮಾಡುವ ಲ್ಯಾಪರೋಸ್ಕೋಪಿ ಅನುಕೂಲ. ಹೊಟ್ಟೆ ಕೊಯ್ದು ತೆಗೆಯುವುದು ಗಡ್ಡೆ ದೊಡ್ಡದಿದ್ದಾಗ, ಹಳೆಯ ಶಸ್ತ್ರಚಿಕಿತ್ಸೆಗಳಿಂದ ಒಳಗೆ ಅಂಟಿಕೊಂಡಿದ್ದಾಗ. ಹೈಪರ್‌ಪ್ಲೇಸಿಯಾ ಇದ್ದವರ ಗರ್ಭಕೋಶವನ್ನು ಒಳಗೆ ತುಂಡು ತುಂಡಾಗಿ ಕತ್ತರಿಸಿ ತೆಗೆಯಬಾರದು, ಕಂಠವನ್ನು ಬಿಟ್ಟೂ ತೆಗೆಯಬಾರದು. ಯಾವ ದಾರಿಯಾದರೂ ಆರು ವಾರ ಕೊಡಪಾನ ಎತ್ತುವಂತಿಲ್ಲ.

ಆ ಆರು ವಾರ ನಮ್ಮ ಮನೆಗಳಲ್ಲಿ ಎಲ್ಲಿಂದ ಬರಬೇಕು? ಜಾರುವಿಕೆಯ ಶಸ್ತ್ರಚಿಕಿತ್ಸೆಗೆ ಅವಸರವಿಲ್ಲದ್ದರಿಂದ ಅದನ್ನು ಕಾಲ ನೋಡಿ ಇಟ್ಟುಕೊಳ್ಳಬಹುದು. ತೋಟದ ಮನೆಯವರು ಕೊಯ್ಲು, ಸುಲಿತ ಮುಗಿದ ಮೇಲೆ, ಮಳೆ ಹಿಡಿಯುವ ಮೊದಲು ಮಾಡಿಸಿಕೊಂಡರೆ ಘಟ್ಟದ ರಸ್ತೆಯೂ ಅನುಕೂಲ. ಮೀನಿನ ಕೆಲಸದವರಿಗೆ ಜೂನ್, ಜುಲೈ ತಿಂಗಳ ಯಾಂತ್ರಿಕ ಮೀನುಗಾರಿಕೆ ನಿಷೇಧದ 61 ದಿನಗಳು ಸಿಗುತ್ತವೆ. ಅಟಿಪಿಯಾಕ್ಕೋ ಕ್ಯಾನ್ಸರಿಗೋ ಈ ಲೆಕ್ಕ ಸಲ್ಲದು, ಅಲ್ಲಿ ಸುಲಿತವೇ ಕಾಯಬೇಕು.

ಎಲ್ಲಿಗೆ ಹೋಗುವುದು ಎಂಬುದು ಯಾವ ಚಿಕಿತ್ಸೆ ಎಂಬುದನ್ನು ಅನುಸರಿಸಲಿ. ಪರೀಕ್ಷೆ, ಸ್ಕ್ಯಾನಿಂಗ್, ರಿಂಗಿನ ವಿಚಾರಣೆಯನ್ನು ಶಿರಸಿಯ ಪಂಡಿತ ಸಾರ್ವಜನಿಕ ಆಸ್ಪತ್ರೆಯಲ್ಲೋ ಕಾರವಾರದ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲೋ ಆರಂಭಿಸಬಹುದು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇಕಡಾ 30ರಂತೆ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ನೆರವಿದೆ. ಖಾಸಗಿ ಆಸ್ಪತ್ರೆಯಲ್ಲಿ ಅದನ್ನು ಬಳಸಲು ಸರಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕಾಗುವ ಸಂದರ್ಭಗಳಿವೆ, ಹಾಗಾಗಿ ಮೊದಲ ಭೇಟಿ ಅಲ್ಲೇ ಆದರೆ ಒಳ್ಳೆಯದು. ಸಹಕಾರ ಸಂಘದ ಸದಸ್ಯರು ಯಶಸ್ವಿನಿ ಆರೋಗ್ಯ ಯೋಜನೆಯ ಬಗ್ಗೆ ಸೊಸೈಟಿಯಲ್ಲಿ ವಿಚಾರಿಸಿ. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿ ಹೊರಡಿಸಿದೆ; ಮೂರು ತಿಂಗಳೊಳಗೆ ಅದನ್ನು ಅಳವಡಿಸಿಕೊಳ್ಳುವಂತೆ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಹೇಳಿತು. ಎರಡನೆಯ ಅಭಿಪ್ರಾಯ ಕೇಳಿದರೆ ವೈದ್ಯರಿಗೆ ಬೇಸರವಾದೀತೆಂದು ಹೆದರುವ ಕಾಲ ಇದಲ್ಲ.

ಎರಡನೆಯ ಆಸ್ಪತ್ರೆಗೆ ಹೋಗುವಾಗ ವರದಿಯ ಹಾಳೆಯಷ್ಟೇ ಸಾಲದು. ಚೂರನ್ನು ಮೇಣದಲ್ಲಿ ಹುದುಗಿಸಿಟ್ಟ ಬ್ಲಾಕ್ ಮತ್ತು ಗಾಜಿನ ಸ್ಲೈಡುಗಳನ್ನು ಲ್ಯಾಬಿನಿಂದ ಕೇಳಿ ಪಡೆದು ಒಯ್ದರೆ, ಬೇರೊಬ್ಬ ತಜ್ಞರು ಅದನ್ನೇ ಮತ್ತೆ ಓದಬಹುದು. ಆಕೆಗೆ ಇನ್ನೊಮ್ಮೆ ಬಯಾಪ್ಸಿ ಆಗುವುದು ತಪ್ಪುತ್ತದೆ. ಆಯಿಯ ಸ್ಲೈಡುಗಳು ನಮ್ಮಲ್ಲಿ ಕವಳದ ಹಳೆಯ ಡಬ್ಬಿಯೊಂದರಲ್ಲಿ ಹತ್ತಿ ಸುತ್ತಿ ಇವೆ. ಮುಚ್ಚಳದ ಒಳಗೆ ಮುಂದಿನ ಪರೀಕ್ಷೆಯ ತಾರೀಖನ್ನು ಆಯಿಯೇ ತನ್ನ ಕೈಯಾರೆ ಬರೆದಿಟ್ಟಿದ್ದಾಳೆ.